ಮಾಗಿಯ ಮರ್ಮವರಿತ ತೋಟಗಾರ ಕೃಂಬಿಗಲ್

ಆಗಮನ ಕಾಲ ಸಮೀಪಿಸಿದಂತೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನಮ್ಮ ಕುಟುಂಬಗಳಲ್ಲಿ ಗೋದಲಿಯ ಪಕ್ಕದಲ್ಲಿರಿಸಬೇಕಾದ ಪಾಯಿನ್ಸೆಟಿಯಾ ಕುಂಡಗಳ ಚಿಂತೆ ಮೊದಲಾಗುತ್ತದೆ. ಒಂದು ಮನೆಯಲ್ಲಿ ಗಿಡ ಕೆಂಪೇರಿ ನಿಂತರೆ, ಮತ್ತೊಂದು ಮನೆಯಲ್ಲಿ ಹಬ್ಬ ಕಳೆದರೂ ಹಸಿರಾಗಿಯೇ ಉಳಿದಿರುತ್ತದೆ. ಮಾಗಿಗೆ ಗಿಡಗಳನ್ನು ಸಿದ್ಧಗೊಳಿಸುವ ಕ್ರಮ ನಾಡಿನಿಂದ ನಾಡಿಗೆ ಬೇರೆ. ಇದನ್ನು ತಮ್ಮ ದುಡಿಮೆಯಿಂದಲೇ ತೋರಿಸಿಕೊಟ್ಟವರು ಲಾಲ್‌ಬಾಗಿನ ಗುಸ್ತಾವ್ ಹರ್ಮನ್ ಕೃಂಬಿಗಲ್.

ಅವರು ಜನಿಸಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪದ ಲೋಮನ್ ಎಂಬಲ್ಲಿ. ತೋಟಗಾರಿಕೆಯ ಅಭ್ಯಾಸ ನಡೆದದ್ದು ಪಿಲ್ನಿಟ್ಸ್‌ನಲ್ಲಿ. ಅಲ್ಲಿಯ ಅರಮನೆಯ ಉದ್ಯಾನದಲ್ಲಿ 1801ರಲ್ಲಿ ನೆಟ್ಟ ಒಂದು ಕಮೆಲಿಯಾ ಗಿಡ ಇಂದಿಗೂ ಜೀವಂತವಾಗಿದೆ. ಹಿಮದಿಂದ ಅದನ್ನು ಕಾಪಾಡಲು ಚಳಿಗಾಲ ಬಂತೆಂದರೆ ಅದರ ಸುತ್ತ ಒಂದು ಮನೆಯನ್ನೇ ನಿಲ್ಲಿಸುತ್ತಾರೆ. (ಪ್ರಸಂಗವಶಾತ್ ಹೇಳುವುದಾದರೆ, ಕಮೆಲಿಯಾಕ್ಕೆ ಆ ಹೆಸರು ಬಂದದ್ದು ಮನಿಲಾದಲ್ಲಿ ಸೇವೆ ಸಲ್ಲಿಸಿದ ಯೇಸುಸಭೆಯ ಸಹೋದರ ಗಿಯೋರ್ಗ್ ಯೋಸೆಫ್ ಕಾಮೆಲ್‌ರಿಂದ.) ಚಳಿಯೆಂದರೆ ಗಿಡದ ಶತ್ರು ಎಂಬುದೇ ಆ ನಾಡಿನ ತೋಟಗಾರನ ಮೊದಲ ಪಾಠ.

ಲಂಡನ್ನಿನ ಹೈಡ್ ಪಾರ್ಕ್ ಮತ್ತು ಕ್ಯೂ ಉದ್ಯಾನಗಳಲ್ಲಿ ದುಡಿದ ಬಳಿಕ 1893ರಲ್ಲಿ ಬರೋಡಾ ಸಂಸ್ಥಾನಕ್ಕೆ, 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನಕ್ಕೆ ಅವರು ಬಂದರು. ಇಲ್ಲಿ ಹಿಮವಿಲ್ಲ, ಮಾಗಿಯೇ ಹೂವಿನ ಕಾಲ. ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದ್ದು ಅವರ ಹಿರಿಮೆ. ಗುರುಮಠದಲ್ಲಿ ಅರಿಸ್ಟಾಟಲನನ್ನು ಓದಿದ ನಮಗೆ ಇದು ಹೊಸದೆನಿಸದು: ಬೆಳೆಯುವ ಶಕ್ತಿ ಗಿಡದೊಳಗೇ ಇದೆ, ತೋಟಗಾರನು ಅಡ್ಡಿಯನ್ನು ನಿವಾರಿಸುವವನು ಮಾತ್ರ. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಸ್ಥಾಪನೆಯಾಯಿತು. 1932ರಲ್ಲಿ ನಿವೃತ್ತರಾದಾಗ ಹೊಣೆಯನ್ನು ವಹಿಸಿಕೊಂಡವರು ಎಚ್.ಸಿ. ಜವರಾಯ.

ಇಂಥವರನ್ನೂ ಯುದ್ಧಕಾಲದಲ್ಲಿ ಜರ್ಮನ್ ಎಂಬ ಒಂದೇ ಕಾರಣಕ್ಕೆ ಬಂಧನದಲ್ಲಿರಿಸಲಾಯಿತು. ಅವರು ನೆಡಿಸಿದ ಮರಗಳ ನೆರಳಿನಲ್ಲಿ ಓಡಾಡುತ್ತಿದ್ದ ಸರಕಾರವೇ ಅವರನ್ನು ಶತ್ರುವೆಂದು ಎಣಿಸಿದ್ದು ನಮಗೆ ಇಂದಿಗೂ ನೋವಿನ ಸಂಗತಿ. ಆದರೂ ಅವರು ಈ ನಾಡನ್ನು ತೊರೆಯಲಿಲ್ಲ. 1956ರ ಫೆಬ್ರವರಿ 8ರಂದು, 90ರ ವಯಸ್ಸಿನಲ್ಲಿ ಬೆಂಗಳೂರಿನಲ್ಲೇ ನಿಧನರಾದರು. ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಹೈದರಾಬಾದಿಗೆ ಸೇರಿದ್ದ ನಮ್ಮ ತಾಲೂಕುಗಳು ಮೈಸೂರು ರಾಜ್ಯವನ್ನು ಕೂಡಿಕೊಂಡದ್ದು ಅದೇ ವರ್ಷದ ನವೆಂಬರ್ 1ರಂದು.

ಇನ್ನು ನಮ್ಮ ಪಾಯಿನ್ಸೆಟಿಯಾ. ಅದರ ತವರು ಮೆಕ್ಸಿಕೋ. ನಾವು ಹೂವೆನ್ನುವ ಕೆಂಪು ಭಾಗವು ವಾಸ್ತವದಲ್ಲಿ ಎಲೆ; ನಡುವಿನ ಹಳದಿ ಮೊಗ್ಗುಗಳೇ ನಿಜವಾದ ಹೂಗಳು. ಆ ಗಿಡಕ್ಕೆ ಬೇಕಾದುದು ದೀರ್ಘ ರಾತ್ರಿಯ ಅಖಂಡ ಕತ್ತಲು. ಅಕ್ಟೋಬರಿನಿಂದ ನಮ್ಮ ರಾತ್ರಿಗಳು ಹಗಲಿಗಿಂತ ದೀರ್ಘವಾಗುತ್ತವೆ, ಆದುದರಿಂದ ಇಲ್ಲಿ ಅದು ತಾನಾಗಿಯೇ ಕೆಂಪೇರಬಲ್ಲದು. ಅಡ್ಡಿಯಾಗುವುದು ಚಳಿಯಲ್ಲ, ಜಗುಲಿಯ ವಿದ್ಯುದ್ದೀಪ! ರಾತ್ರಿಯಿಡೀ ಉರಿಯುವ ದೀಪದಡಿ ಇರಿಸಿದ ಗಿಡ ಹಸಿರಾಗಿಯೇ ಉಳಿದರೆ ಆಶ್ಚರ್ಯವಿಲ್ಲ. ಅಕ್ಟೋಬರ್ ಆರಂಭದಿಂದ ಕುಂಡವನ್ನು ಬೆಳಕು ತಾಗದ ಮೂಲೆಗೆ ಸರಿಸಬೇಕು. ಸಾಧ್ಯವಾಗದಿದ್ದರೆ ಸಂಜೆಯಿಂದ ಬೆಳಗಿನವರೆಗೆ ರಟ್ಟಿನ ಪೆಟ್ಟಿಗೆ ಮುಚ್ಚಬೇಕು, ಹಗಲು ಒಳ್ಳೆಯ ಬಿಸಿಲು ಕೊಡಬೇಕು. ಬರೀ ಎರೆಮಣ್ಣು ತುಂಬಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಮಸಾರಿ ಮಣ್ಣು, ಮರಳು, ಕಳಿತ ಸಗಣಿಗೊಬ್ಬರ ಬೆರೆಸುವುದು ಲೇಸು. ಮೇಲ್ಮಣ್ಣು ಒಣಗಿದ ಬಳಿಕವೇ ನೀರುಣಿಸಬೇಕು. ಎಲೆಯಡಿ ಹಿಟ್ಟು ತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಹಬ್ಬ ಕಳೆದು ಕೆಂಪೆಲೆಗಳು ಉದುರಿದ ಮೇಲೆ ಕಾಂಡವನ್ನು ಗಿಡ್ಡವಾಗಿ ಸವರಬಹುದು. ಸವರುವಾಗ ಒಸರುವ ಹಾಲು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಮಕ್ಕಳನ್ನು ದೂರವಿಡಿ.