ದಿನದ ಧಮ್ಮ ಚಿಂತನೆ: ಜಾತಕ ಕಥೆ ಹೇಳಿದ ನೂರ್

 

ಧಮ್ಮ ಬಂಧುಗಳೇ, ಸುಳ್ಳಾಡುವುದಿಲ್ಲವೆಂಬ ಶೀಲ ಹಿಡಿದವರು ಯುದ್ಧದಲ್ಲಿ ಗುಪ್ತಚರರಾಗಬಹುದೇ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೂರ್ ಇನಾಯತ್ ಖಾನ್ ನೆನಪಾಗುತ್ತಾರೆ.

ಹುಟ್ಟಿದ್ದು 1914ರ ಜನವರಿ 1, ಮಾಸ್ಕೋದಲ್ಲಿ. ತಂದೆ ಬರೋಡಾದ ಸೂಫಿ ಸಂಗೀತಗಾರ, ತಾಯಿ ಅಮೆರಿಕದವರು. ತಂದೆಯ ಕಡೆಯಿಂದ ನಮ್ಮ ಮೈಸೂರಿನ ಟಿಪ್ಪು ಸುಲ್ತಾನರ ಮನೆತನದ ನಂಟು. ಬೆಳೆದದ್ದು ಪ್ಯಾರಿಸ್ ಬಳಿ. 13ನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು, ತಾಯಿಯನ್ನೂ ಮೂವರು ತಮ್ಮ-ತಂಗಿಯರನ್ನೂ ನೋಡಿಕೊಂಡರು. ದೊಡ್ಡವರಾದ ಮೇಲೆ ಮಕ್ಕಳಿಗೆ ಕಥೆ ಬರೆದರು. ತಾವು ಬೌದ್ಧರಲ್ಲದಿದ್ದರೂ 20 ಜಾತಕ ಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳಿದರು. ಪುಸ್ತಕ 1939ರಲ್ಲಿ ಬಂತು. ಬಳಗವನ್ನು ಉಳಿಸಲು ಬೆನ್ನನ್ನೇ ಸೇತುವೆ ಮಾಡಿದ ಕಪಿರಾಜನ ಕಥೆಯೂ ಅದರಲ್ಲಿದೆ.

1940ರಲ್ಲಿ ಹಿಟ್ಲರನ ಸೈನ್ಯ ಫ್ರಾನ್ಸಿಗೆ ನುಗ್ಗಿದಾಗ ಕುಟುಂಬ ಇಂಗ್ಲೆಂಡ್ ಸೇರಿತು. ನೂರ್ ವಾಯುಪಡೆಯ ಮಹಿಳಾ ದಳ ಸೇರಿ ವೈರ್‌ಲೆಸ್ ಕಲಿತರು. 1943ರಲ್ಲಿ ಬ್ರಿಟನ್ನಿನ ಗುಪ್ತ ಕಾರ್ಯದಳ ಅವರನ್ನು ಆರಿಸಿಕೊಂಡಿತು. ಇವರು ಈ ಕೆಲಸಕ್ಕೆ ತಕ್ಕವರಲ್ಲ ಎಂಬುದು ಕೆಲವು ತರಬೇತುದಾರರ ಅಭಿಪ್ರಾಯವಾಗಿತ್ತು. ಜೂನ್ ತಿಂಗಳ ಒಂದು ರಾತ್ರಿ ವಿಮಾನ ಅವರನ್ನು ಫ್ರಾನ್ಸಿನಲ್ಲಿ ಇಳಿಸಿತು. ಕೆಲವೇ ದಿನಗಳಲ್ಲಿ ಸಂಗಡಿಗರು ಸಾಲುಸಾಲಾಗಿ ಸೆರೆಸಿಕ್ಕರು. ಮರಳಿ ಬರುವ ಅವಕಾಶವಿದ್ದರೂ ಬರಲಿಲ್ಲ. ದಿನಕ್ಕೊಂದು ಜಾಗ ಬದಲಿಸುತ್ತ, ಸುಳ್ಳು ಹೆಸರಿನಲ್ಲಿ, ಅಕ್ಟೋಬರ್‌ವರೆಗೆ ಸಂದೇಶ ಕಳಿಸಿದರು.

ಕೊನೆಗೆ ಯಾರೋ ಹಿಡಿದುಕೊಟ್ಟರು. ಅವರು ಬರೆದಿಟ್ಟುಕೊಂಡಿದ್ದ ಹಳೆಯ ಸಂದೇಶಗಳು ಜರ್ಮನರ ಕೈಸೇರಿ, ಅದರಿಂದ ಬೇರೆಯವರಿಗೂ ಕೇಡಾಯಿತು. ಇದನ್ನು ಮರೆಮಾಚಬೇಕಿಲ್ಲ. ಆದರೆ ಬಾಯಿಬಿಟ್ಟು ಅವರು ಯಾರ ಗುಟ್ಟನ್ನೂ ಹೇಳಲಿಲ್ಲ. ಎರಡು ಸಲ ತಪ್ಪಿಸಿಕೊಳ್ಳಲು ಯತ್ನಿಸಿದ್ದಕ್ಕೆ ಕೈಕಾಲಿಗೆ ಸರಪಳಿ ಬಿತ್ತು. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಇನ್ನೂ ಮೂವರು ಮಹಿಳೆಯರೊಂದಿಗೆ ಅವರನ್ನು ಕೊಂದರು. ಆಗ ಅವರಿಗೆ 30 ವರ್ಷ. 1949ರಲ್ಲಿ ಬ್ರಿಟನ್ ಜಾರ್ಜ್ ಕ್ರಾಸ್ ನೀಡಿತು.

ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ತತ್ವ ಬೇರೆ, ನಿಯಮ ಬೇರೆ ಎಂದು ಬಿಡಿಸಿ ತೋರಿಸುತ್ತಾರೆ. ಬುದ್ಧರು ಅಹಿಂಸೆಯನ್ನು ನಿಯಮವನ್ನಾಗಿ ಹೇರಲಿಲ್ಲ, ಬಾಳಿನ ತತ್ವವಾಗಿ ಕೊಟ್ಟರು. ನಿಯಮ ಕಟ್ಟಿಹಾಕುತ್ತದೆ, ತತ್ವ ನಮ್ಮ ವಿವೇಕಕ್ಕೆ ಬಿಡುತ್ತದೆ. ಸತ್ಯದ ಶೀಲವನ್ನೂ ನಾನು ಹೀಗೆಯೇ ತಿಳಿಯುತ್ತೇನೆ. ನೂರ್ ಬಚ್ಚಿಟ್ಟದ್ದು ತಮ್ಮ ಲಾಭಕ್ಕಲ್ಲ. ಮನುಷ್ಯರನ್ನು ಹುಟ್ಟಿನಿಂದಲೇ ಮೇಲು-ಕೀಳೆಂದು ವಿಂಗಡಿಸಿ ಕೊಲ್ಲುತ್ತಿದ್ದವರ ಎದುರು. ಆ ವಿಂಗಡಣೆ ಎಂಥದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗೆಂದು ನಮ್ಮ ಸಣ್ಣ ಸುಳ್ಳುಗಳಿಗೆ ಇದನ್ನು ನೆಪ ಮಾಡಿಕೊಳ್ಳುವುದು ಬೇಡ. ಇಂದು ಮಾತಾಡುವ ಮೊದಲು, ಸುಮ್ಮನಿರುವ ಮೊದಲೂ, ಒಂದನ್ನು ಕೇಳಿಕೊಳ್ಳೋಣ: ಇದರಿಂದ ಉಳಿಯುವುದು ನಾನೊಬ್ಬನೇ, ಅಥವಾ ಇನ್ನೊಬ್ಬರೂ?

ಭವತು ಸಬ್ಬ ಮಂಗಲಂ.