ಯುದ್ಧಕ್ಕೆ ಎರಡು ಬಾರಿ ಇಲ್ಲವೆಂದ ಜೀನೆಟ್ ರ‍್ಯಾಂಕಿನ್

ಜಪಾನಿನ ಮೇಲೆ ಯುದ್ಧ ಸಾರುವ ನಿರ್ಣಯದ ಪರ 388, ವಿರುದ್ಧ 1. ಅಮೆರಿಕದ ಪ್ರತಿನಿಧಿ ಸಭೆಯ ಕಡತದಲ್ಲಿ 1941ರ ಡಿಸೆಂಬರ್ 8ರಂದು ದಾಖಲಾದ ಅಂಕಿ ಇದು. ಆ ಒಂದು ಮತ ಮೊಂಟಾನಾ ರಾಜ್ಯದ ಜೀನೆಟ್ ರ‍್ಯಾಂಕಿನ್ ಅವರದು. ಆಗ ಅವರ ವಯಸ್ಸು 61. ಇಪ್ಪತ್ತನಾಲ್ಕು ವರ್ಷಗಳ ಹಿಂದೆ, ಮೊದಲ ಮಹಾಯುದ್ಧದ ಹೊಸ್ತಿಲಲ್ಲಿ, ಇದೇ ಸದನದಲ್ಲಿ ಅವರು ಇದೇ ಉತ್ತರ ನೀಡಿದ್ದರು. ಎರಡೂ ಮಹಾಯುದ್ಧಗಳಿಗೆ ಅಮೆರಿಕದ ಪ್ರವೇಶವನ್ನು ವಿರೋಧಿಸಿ ಮತ ನೀಡಿದವರು ಆ ದೇಶದ ಸಂಸತ್ತಿನಲ್ಲಿ ಅವರೊಬ್ಬರೇ.

1880ರ ಜೂನ್ 11ರಂದು ಮಿಸ್ಸೂಲಾ ಪಟ್ಟಣದ ಸಮೀಪದ ಜಾನುವಾರು ತೋಟವೊಂದರಲ್ಲಿ ರ‍್ಯಾಂಕಿನ್ ಜನಿಸಿದರು. ಮೊಂಟಾನಾ ಆಗಿನ್ನೂ ರಾಜ್ಯವಾಗಿರಲಿಲ್ಲ. ತಾಯಿ ಶಾಲಾ ಶಿಕ್ಷಕಿಯಾಗಿದ್ದವರು. ಹಿರಿಯ ಮಗಳಾಗಿ ತಮ್ಮ ತಂಗಿಯರ ಪಾಲನೆಯ ಹೊಣೆ ಹೊತ್ತ ಜೀನೆಟ್ 1902ರಲ್ಲಿ ಜೀವಶಾಸ್ತ್ರದ ಪದವಿ ಪಡೆದು, ಬಳಿಕ ನ್ಯೂಯಾರ್ಕಿನಲ್ಲಿ ಸಮಾಜಸೇವೆಯ ತರಬೇತಿ ಪಡೆದರು. ಅನಾಥ ಮಕ್ಕಳ ನಡುವೆ ದುಡಿಯುತ್ತಿದ್ದವರನ್ನು ಮಹಿಳಾ ಮತಾಧಿಕಾರದ ಚಳವಳಿ ಸೆಳೆಯಿತು. 1914ರಲ್ಲಿ ಮೊಂಟಾನಾದ ಮಹಿಳೆಯರಿಗೆ ಮತದ ಹಕ್ಕು ದೊರೆಯಿತು. ಎರಡೇ ವರ್ಷಗಳಲ್ಲಿ ರಿಪಬ್ಲಿಕನ್ ಪಕ್ಷದಿಂದ ಸ್ಪರ್ಧಿಸಿ ಜೀನೆಟ್ ಗೆದ್ದರು. ಅಮೆರಿಕದ ಸಂಸತ್ತನ್ನು ಪ್ರವೇಶಿಸಿದ ಪ್ರಥಮ ಮಹಿಳೆ ಅವರು. ದೇಶದ ಬಹುತೇಕ ರಾಜ್ಯಗಳಲ್ಲಿ ಹೆಣ್ಣಿಗೆ ಮತವೇ ಇರದಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಶಾಸನ ರೂಪಿಸುವ ಆಸನದಲ್ಲಿ ಕುಳಿತದ್ದು ವಿಚಿತ್ರವಾದರೂ ನಿಜ.

ಅಧಿಕಾರದ ಮೊದಲ ದಿನವೇ ಪರೀಕ್ಷೆ ಎದುರಾಯಿತು. 1917ರ ಏಪ್ರಿಲ್ 2ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ಅಂದು ರಾತ್ರಿಯೇ ಅಧ್ಯಕ್ಷ ವುಡ್ರೋ ವಿಲ್ಸನ್ ಜರ್ಮನಿಯ ವಿರುದ್ಧ ಯುದ್ಧ ಘೋಷಿಸುವಂತೆ ಉಭಯ ಸದನಗಳನ್ನು ಕೋರಿದರು. ಪ್ರತಿನಿಧಿ ಸಭೆಯ ಚರ್ಚೆ 5ರ ಬೆಳಗಿನಿಂದ ಮಧ್ಯರಾತ್ರಿ ದಾಟಿ ಸಾಗಿತು. ಆಗ ಗುಂಡಿ ಒತ್ತಿ ಮತ ನೀಡುವ ಯಂತ್ರವಿರಲಿಲ್ಲ. ಗುಮಾಸ್ತರು ಒಬ್ಬೊಬ್ಬರ ಹೆಸರನ್ನೂ ಕೂಗಬೇಕು, ಸದಸ್ಯರು ಎಲ್ಲರ ಕಿವಿಗೆ ಬೀಳುವಂತೆ ಉತ್ತರಿಸಬೇಕು. ಮೊದಲ ಬಾರಿ ಹೆಸರು ಕರೆದಾಗ ರ‍್ಯಾಂಕಿನ್ ಮೌನವಾಗಿದ್ದರು. ಸಭೆಯ ಮಾಜಿ ಅಧ್ಯಕ್ಷ ಜೋ ಕ್ಯಾನನ್ ಅವರ ಬಳಿ ಬಂದು, ದೇಶದ ಸ್ತ್ರೀಕುಲದ ಪ್ರತಿನಿಧಿಯಾಗಿ ಉತ್ತರ ತಪ್ಪಿಸಿಕೊಳ್ಳುವುದು ತರವಲ್ಲವೆಂದು ಬುದ್ಧಿ ಹೇಳಿದರಂತೆ. ಎರಡನೆಯ ಕರೆಗೆ ಅವರು ಎದ್ದು ನಿಂತರು. ದೇಶದ ಪರವಾಗಿ ನಿಲ್ಲುವ ಆಸೆ ತನಗಿದೆ, ಆದರೆ ಯುದ್ಧಕ್ಕೆ ಮತ ನೀಡಲಾರೆ ಎಂದರು. ಮತದಾನದ ನಡುವೆ ವಿವರಣೆ ನೀಡುವುದು ಸದನದ ಸಂಪ್ರದಾಯಕ್ಕೆ ಹೊರತಾಗಿತ್ತು. ಏಪ್ರಿಲ್ 6ರ ನಸುಕಿನಲ್ಲಿ ಫಲಿತಾಂಶ ಪ್ರಕಟವಾಯಿತು: 373ಕ್ಕೆ 50.

ವಿರೋಧಿಸಿದ ಐವತ್ತು ಮಂದಿಯಲ್ಲಿ ನಲವತ್ತೊಂಬತ್ತು ಮಂದಿ ಪುರುಷರು. ಪತ್ರಿಕೆಗಳ ಕಣ್ಣಿಗೆ ಬಿದ್ದದ್ದು ಮಾತ್ರ ಒಬ್ಬ ಮಹಿಳೆ. ಆಕೆ ಬಿಕ್ಕಿ ಬಿಕ್ಕಿ ಅತ್ತರೆಂದು ಕೆಲವರು ಬರೆದರು. ಪ್ರತ್ಯಕ್ಷ ಕಂಡ ಹಲವರು ಅದನ್ನು ಅಲ್ಲಗಳೆದರು. ಮತಾಧಿಕಾರ ಚಳವಳಿಯ ನಾಯಕಿ ಕ್ಯಾರೀ ಚಾಪ್ಮನ್ ಕ್ಯಾಟ್ ಅವರಿಗೂ ಅಸಮಾಧಾನವಾಯಿತು. ಈ ಒಂದು ಮತದಿಂದ ತಮ್ಮ ಹೋರಾಟಕ್ಕೇ ಧಕ್ಕೆ ಎಂಬ ಅಳುಕು ಅವರದು.

ಆ ಅಳುಕು ನಿಜವಾಗಲಿಲ್ಲ. 1918ರ ಜನವರಿ 10ರಂದು ಮಹಿಳೆಯರಿಗೆ ಮತಾಧಿಕಾರ ನೀಡುವ ಸಂವಿಧಾನ ತಿದ್ದುಪಡಿ ಸದನದ ಮುಂದೆ ಬಂದಾಗ ಚರ್ಚೆಯನ್ನು ಆರಂಭಿಸಿದವರು ರ‍್ಯಾಂಕಿನ್ ಅವರೇ. ಮೂರನೇ ಎರಡರಷ್ಟು ಬಹುಮತ ಬೇಕಿತ್ತು. ಒಂದೊಂದು ಮತಕ್ಕೂ ಎಂಥ ಬೆಲೆ ಇತ್ತೆಂದರೆ, ಸದಸ್ಯರೊಬ್ಬರು ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಬಂದರು. ಮತ್ತೊಬ್ಬರು ಮುರಿದ ಭುಜಕ್ಕೆ ಚಿಕಿತ್ಸೆಯನ್ನೇ ಮುಂದೂಡಿ ಹಾಜರಾದರು. ನ್ಯೂಯಾರ್ಕಿನ ಫ್ರೆಡರಿಕ್ ಹಿಕ್ಸ್, ಮತಾಧಿಕಾರದ ಬೆಂಬಲಿಗಳಾಗಿದ್ದ ಪತ್ನಿಯ ಮರಣಶಯ್ಯೆಯ ಬಳಿಯಿಂದ ಬಂದು ಮತ ನೀಡಿ, ಅಂತ್ಯಕ್ರಿಯೆಗೆ ಮರಳಿದರು. ಪರ 274, ವಿರುದ್ಧ 136. ಒಂದು ಮತ ಕಡಿಮೆಯಾಗಿದ್ದರೂ ತಿದ್ದುಪಡಿ ಬಿದ್ದುಹೋಗುತ್ತಿತ್ತು. ಆದರೆ ಸೆನೆಟ್ ಅದನ್ನು ಆ ವರ್ಷ ತಡೆಯಿತು. 1919ರಲ್ಲಿ ಎರಡೂ ಸದನಗಳ ಒಪ್ಪಿಗೆ ದೊರೆತಾಗ ರ‍್ಯಾಂಕಿನ್ ಸದಸ್ಯರಾಗಿ ಉಳಿದಿರಲಿಲ್ಲ. ಕ್ಷೇತ್ರಗಳ ವಿಂಗಡಣೆಯಿಂದ ಗೆಲುವಿನ ಹಾದಿ ಮುಚ್ಚಿದ್ದರಿಂದ 1918ರಲ್ಲಿ ಸೆನೆಟ್‌ಗೆ ಸ್ಪರ್ಧಿಸಿ ಸೋತಿದ್ದರು.

ಮುಂದಿನ ಎರಡು ದಶಕ ಶಾಂತಿ ಸಂಘಟನೆಗಳ ಕೆಲಸದಲ್ಲಿ ಕಳೆದವು. ಜಾರ್ಜಿಯಾದಲ್ಲಿ ಕೊಂಡ ಪುಟ್ಟ ಜಮೀನಿನಲ್ಲಿ ವಿದ್ಯುತ್, ದೂರವಾಣಿಗಳಿಲ್ಲದ ಸರಳ ಬದುಕು. 1940ರಲ್ಲಿ ಮೊಂಟಾನಾದ ಮತದಾರರು ಅವರನ್ನು ಮತ್ತೆ ಆರಿಸಿದರು.

ಪರ್ಲ್ ಹಾರ್ಬರ್ ಮೇಲಿನ ದಾಳಿಯಲ್ಲಿ 2,400ಕ್ಕೂ ಹೆಚ್ಚು ಅಮೆರಿಕನ್ನರು ಸತ್ತ ಮರುದಿನ ಸದನ ಸೇರಿತು. ಅಧ್ಯಕ್ಷ ರೂಸ್ವೆಲ್ಟ್ ಅವರ ಭಾಷಣ ಕೆಲವೇ ನಿಮಿಷಗಳದು. ಚರ್ಚೆ ಒಂದು ಗಂಟೆಯೂ ನಡೆಯಲಿಲ್ಲ. ರ‍್ಯಾಂಕಿನ್ ಮಾತನಾಡಲು ಪದೇ ಪದೇ ಎದ್ದರು. ಸಭಾಧ್ಯಕ್ಷ ಸ್ಯಾಮ್ ರೇಬರ್ನ್ ಅವಕಾಶ ನೀಡಲಿಲ್ಲ. ಕುಳಿತುಕೊಳ್ಳುವಂತೆ ಸುತ್ತಲಿನವರು ಕೂಗಿದರು. ನಿರ್ಣಯ ಸರ್ವಾನುಮತದ್ದಾಗಲಿ, ಕೊನೆಯ ಪಕ್ಷ ತಟಸ್ಥರಾಗಿರಿ ಎಂದು ಸ್ವಪಕ್ಷೀಯರು ಬೇಡಿಕೊಂಡರು. ರ‍್ಯಾಂಕಿನ್ ಕದಲಲಿಲ್ಲ. ಹೆಣ್ಣಾದ ತಾನು ಯುದ್ಧಕ್ಕೆ ಹೋಗಲಾರೆ, ಆದ್ದರಿಂದ ಬೇರೆಯವರನ್ನು ಕಳಿಸಲೂ ಒಪ್ಪೆ ಎಂಬುದು ಅವರ ನಿಲುವಾಗಿತ್ತು. ಸದನದಲ್ಲಿ ಧಿಕ್ಕಾರದ ಸದ್ದು ಎದ್ದಿತು. ಹೊರಬಂದಾಗ ಮುತ್ತಿಕೊಂಡ ಜನರಿಂದ ಪಾರಾಗಲು ಅವರು ದೂರವಾಣಿ ಗೂಡೊಂದನ್ನು ಹೊಕ್ಕು ಬಾಗಿಲು ಹಾಕಿಕೊಂಡರು; ಪೊಲೀಸರು ಬಂದು ಕಚೇರಿಗೆ ತಲುಪಿಸಿದರು. ಚುನಾವಣೆಗಳಲ್ಲಿ ಬೆನ್ನಿಗಿದ್ದ ತಮ್ಮ ವೆಲ್ಲಿಂಗ್ಟನ್ ಕೂಡ, ಇಡೀ ಮೊಂಟಾನಾ ನಿನ್ನ ವಿರುದ್ಧವಿದೆ ಎಂದು ತಿಳಿಸಿದ.

ದಾಳಿಗೊಳಗಾದ ದೇಶ ಮತ್ತೇನು ಮಾಡಬೇಕಿತ್ತು ಎಂಬ ಪ್ರಶ್ನೆಗೆ ರ‍್ಯಾಂಕಿನ್ ಅವರ ಬಳಿ ಸಮರ್ಪಕ ಉತ್ತರವಿತ್ತೆಂದು ಹೇಳುವುದು ಕಷ್ಟ. 1917ರ ಮತಕ್ಕೆ ಸಿಕ್ಕ ಸಮರ್ಥನೆ 1941ರ ಮತಕ್ಕೆ ಇಂದಿಗೂ ಸಿಕ್ಕಿಲ್ಲ. ಆದರೆ ಒಬ್ಬ ಸದಸ್ಯೆಯ ಮಾತಿಗೆ ಐದು ನಿಮಿಷ ಕೊಡಲಾರದಷ್ಟು ಅವಸರ ಸದನಕ್ಕೇಕಿತ್ತು ಎಂಬ ಪ್ರಶ್ನೆಯೂ ಹಾಗೆಯೇ ಉಳಿದಿದೆ. ಅವರ ಮತವನ್ನು ಒಪ್ಪದ ಕ್ಯಾನ್ಸಾಸ್‌ನ ಹಿರಿಯ ಸಂಪಾದಕ ವಿಲಿಯಂ ಆಲನ್ ವೈಟ್, ಆ ಧೈರ್ಯವನ್ನು ಮಾತ್ರ ತಮ್ಮ ಪತ್ರಿಕೆಯಲ್ಲಿ ಮುಕ್ತವಾಗಿ ಮೆಚ್ಚಿದರು. ಮೂರು ದಿನಗಳ ಬಳಿಕ ಜರ್ಮನಿ, ಇಟಲಿಗಳ ಸರದಿ ಬಂದಾಗ ರ‍್ಯಾಂಕಿನ್ ವಿರೋಧಿಸದೆ, ಹಾಜರಿ ಮಾತ್ರ ಹೇಳಿದರು. 1942ರಲ್ಲಿ ಅವರು ಸ್ಪರ್ಧಿಸಲಿಲ್ಲ.

ಗಾಂಧೀಜಿಯ ಅಹಿಂಸೆಯನ್ನು ಅರಿಯುವ ಹಂಬಲ ಅವರನ್ನು 1946ರಲ್ಲಿ ಭಾರತಕ್ಕೆ ಕರೆತಂದಿತು. ಗಾಂಧೀಜಿಯ ಭೇಟಿ ಕೈಗೂಡಲಿಲ್ಲ. ಆದರೂ 1971ರವರೆಗೆ ಒಟ್ಟು ಏಳು ಬಾರಿ ಅವರು ಈ ದೇಶಕ್ಕೆ ಬಂದರು. 1968ರ ಜನವರಿಯಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಸಾವಿರಾರು ಮಹಿಳೆಯರು ವಾಷಿಂಗ್ಟನ್‌ನಲ್ಲಿ ಮೆರವಣಿಗೆ ನಡೆಸಿದಾಗ, 87ರ ರ‍್ಯಾಂಕಿನ್ ಮುಂಚೂಣಿಯಲ್ಲಿದ್ದರು. ಮತ್ತೊಮ್ಮೆ ಚುನಾವಣೆಗೆ ನಿಲ್ಲುವ ಆಲೋಚನೆಯನ್ನೂ ಮಾಡಿದ್ದರು, ಅನಾರೋಗ್ಯ ಅಡ್ಡಬಂದಿತು.

1973ರ ಮೇ 18ರಂದು ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ಅವರು ನಿಧನರಾದರು. ಪ್ರತಿನಿಧಿ ಸಭೆಗೆ ವಿದ್ಯುನ್ಮಾನ ಮತಯಂತ್ರ ಬಂದದ್ದು ಅದೇ ವರ್ಷದ ಜನವರಿಯಲ್ಲಿ. ಜಾರ್ಜಿಯಾದ ಆಸ್ತಿಯನ್ನು ದುಡಿಯುವ, ನಿರುದ್ಯೋಗಿ ಮಧ್ಯವಯಸ್ಸಿನ ಮಹಿಳೆಯರ ನೆರವಿಗೆಂದು ಅವರು ಬಿಟ್ಟುಹೋಗಿದ್ದರು. ಆ ಹಣದಿಂದ 1976ರಲ್ಲಿ ಸ್ಥಾಪನೆಯಾದ ಪ್ರತಿಷ್ಠಾನ ಬಡ ಮಹಿಳೆಯರ ವಿದ್ಯಾಭ್ಯಾಸಕ್ಕೆ ಧನಸಹಾಯ ನೀಡತೊಡಗಿತು. 1985ರಲ್ಲಿ ಸಂಸತ್ ಭವನದಲ್ಲಿ ಅವರ ಪ್ರತಿಮೆಯನ್ನು ಇರಿಸಲಾಯಿತು.