ಸರಿಯಾದ ಎಂಜಿನ್ ಸಿಗುವವರೆಗೆ

ನ್ಯೂಜಿಲೆಂಡ್‌ನ ಆಕ್ಲೆಂಡ್ ನಗರದಲ್ಲಿ ಒಬ್ಬ ಹುಡುಗನಿದ್ದ. ಅಪ್ಪನಿಗೆ ಪೆಟ್ರೋಲ್ ಬಂಕು, ಜೊತೆಗೊಂದು ಗ್ಯಾರೇಜು. ಹುಡುಗನಿಗೆ ಒಂಬತ್ತು ವರ್ಷವಾದಾಗ ಎಡಸೊಂಟದ ಕೀಲು ಕೈಕೊಟ್ಟಿತು. ಪರ್ಥೀಸ್ ಎಂಬ ಕಾಯಿಲೆ. ತೊಡೆಮೂಳೆಯ ತುದಿಗೆ ರಕ್ತ ಸರಿಯಾಗಿ ಹರಿಯದೆ ಮೂಳೆ ಬಲ ಕಳೆದುಕೊಳ್ಳುತ್ತದೆ. ಓರಗೆಯ ಮಕ್ಕಳು ಬಯಲಲ್ಲಿ ಓಡುತ್ತಿದ್ದ ವರ್ಷಗಳನ್ನು ಈತ ಮಕ್ಕಳ ಆರೈಕೆ ಕೇಂದ್ರವೊಂದರಲ್ಲಿ ಚೌಕಟ್ಟಿಗೆ ಕಾಲು ಬಿಗಿಸಿಕೊಂಡು ಮಲಗಿ ಕಳೆದ. ಮನೆಗೆ ಬಂದಾಗ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿತ್ತು. ಆ ಕುಂಟು ಕೊನೆಯವರೆಗೂ ಹೋಗಲಿಲ್ಲ.

ಈ ಹುಡುಗನ ಹೆಸರು ಬ್ರೂಸ್ ಮೆಕ್‌ಲಾರೆನ್. ಹುಟ್ಟಿದ್ದು 1937ರ ಆಗಸ್ಟ್ 30ರಂದು. ಫಾರ್ಮುಲಾ ಒನ್ ನೋಡುವ ನನ್ನ ಗೆಳೆಯರಿಗೆಲ್ಲ ಮೆಕ್‌ಲಾರೆನ್ ಅಂದರೆ ಕಿತ್ತಳೆ ಬಣ್ಣದ ಕಾರು. ಅದು ಒಬ್ಬ ಮನುಷ್ಯನ ಹೆಸರು, ಆತ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ ಅಂದರೆ ಹಲವರು ಹುಬ್ಬೇರಿಸುತ್ತಾರೆ.

ನನಗೂ ಆತ ಪರಿಚಯವಾದದ್ದು ಒಂದು ಎಂಜಿನ್ ಮೂಲಕ. ನಾನು ಬಿ.ಇ. ಮೆಕ್ಯಾನಿಕಲ್ ವಿದ್ಯಾರ್ಥಿ. ಸೋದರಮಾವ ಅರ್ಧಕ್ಕೇ ಬಿಟ್ಟು ಅಟ್ಟಕ್ಕೆ ಹಾಕಿದ್ದ ಲೋಹದ ಮಾಡೆಲ್ ಕಿಟ್ ಒಂದನ್ನು ನಾಲ್ಕು ತಿಂಗಳಿಂದ ಕಟ್ಟುತ್ತಿದ್ದೇನೆ. ಕಾಸ್‌ವರ್ತ್ ಡಿಎಫ್‌ವಿ ಎಂಬ ರೇಸಿಂಗ್ ಎಂಜಿನ್‌ನ ಪ್ರತಿಕೃತಿ ಅದು. ಅಳತೆ 1:12. ನಿಜವಾದ ಎಂಜಿನ್‌ನಲ್ಲಿ ಸಿಲಿಂಡರಿನ ಒಳವ್ಯಾಸ 85.67 ಮಿ.ಮೀ. ಅದನ್ನು ಹನ್ನೆರಡರಿಂದ ಭಾಗಿಸಿದರೆ ಸುಮಾರು 7 ಮಿ.ಮೀ., ಅಂದರೆ ಒಂದು ಕಡಲೆಕಾಳು! ಈ ಎಂಜಿನ್ ಕೂರಿಸಿಕೊಂಡು ಗೆದ್ದವರು ಯಾರ‍್ಯಾರು ಎಂದು ಓದುತ್ತಾ ಹೋದಾಗ ಬ್ರೂಸ್ ಸಿಕ್ಕಿದ.

ಬ್ರೂಸ್‌ನ ಮೊದಲ ಪಾಠವೂ ಬಿಡಿಭಾಗಗಳಿಂದಲೇ ಶುರುವಾಯಿತು. ಅಪ್ಪ ಹಳೆಯ ಆಸ್ಟಿನ್ ಸೆವೆನ್ ಅಲ್ಸ್ಟರ್ ಕಾರೊಂದನ್ನು ಬಿಚ್ಚಿಟ್ಟ ಸ್ಥಿತಿಯಲ್ಲೇ ಕೊಂಡು ತಂದಿದ್ದ. 747 ಸಿ.ಸಿ.ಯ ಪುಟ್ಟ ಎಂಜಿನ್. ಅಪ್ಪ, ಮಗ ಸೇರಿ ಅದನ್ನು ಜೋಡಿಸಿದರು. ಹದಿಹರೆಯದಲ್ಲೇ ಬ್ರೂಸ್ ಅದನ್ನು ಮುರಿವಾಯ್ ಎಂಬಲ್ಲಿನ ಗುಡ್ಡ ಹತ್ತುವ ಸ್ಪರ್ಧೆಗೆ ಒಯ್ದ. ಕಾಲು ಓಡಲು ಬಿಡದಿದ್ದರೇನಂತೆ, ಕಾರು ಓಡುತ್ತಿತ್ತಲ್ಲ.

ಮುಂದೆ ಆಕ್ಲೆಂಡ್‌ನಲ್ಲೇ ಇಂಜಿನಿಯರಿಂಗ್ ಓದು. 1958ರಲ್ಲಿ, ಪ್ರತಿಭಾವಂತ ಯುವ ಚಾಲಕನನ್ನು ಯುರೋಪಿಗೆ ಕಳಿಸುವ ನ್ಯೂಜಿಲೆಂಡ್‌ನ ಯೋಜನೆಗೆ ಆತ ಆಯ್ಕೆಯಾದ. ಡಿಗ್ರಿ ಅಲ್ಲಿಗೇ ನಿಂತಿತು. ಓದು ಬಿಟ್ಟರೂ ಪರವಾಗಿಲ್ಲ ಎಂದು ಇದರಿಂದ ತಿಳಿಯಬೇಡಿ. ಬ್ರೂಸ್ ಬಿಟ್ಟದ್ದು ಕಾಲೇಜನ್ನು, ಇಂಜಿನಿಯರಿಂಗನ್ನಲ್ಲ. ಅದೇ ವರ್ಷ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಫಾರ್ಮುಲಾ ಒನ್ ಕಾರುಗಳ ಜೊತೆಗೇ ಓಡಿದ ಫಾರ್ಮುಲಾ ಟು ವಿಭಾಗದಲ್ಲಿ ಮೊದಲಿಗನಾದ. ಒಟ್ಟಾರೆ ಐದನೇ ಸ್ಥಾನ. ಕೂಪರ್ ತಂಡದಲ್ಲಿ ಆಸ್ಟ್ರೇಲಿಯಾದ ಜಾಕ್ ಬ್ರಬಾಮ್ ಆತನಿಗೆ ಅಣ್ಣನಂತಿದ್ದ. 1959ರ ಡಿಸೆಂಬರ್ 12ರಂದು ಅಮೆರಿಕದ ಸೆಬ್ರಿಂಗ್‌ನಲ್ಲಿ, ಮುಂದಿದ್ದ ಬ್ರಬಾಮ್‌ನ ಕಾರಿನಲ್ಲಿ ಕೊನೆಯ ಹಂತದಲ್ಲಿ ಪೆಟ್ರೋಲ್ ಮುಗಿದು, ಬ್ರೂಸ್ ಗೆದ್ದ. ಆಗ ವಯಸ್ಸು 22 ವರ್ಷ 104 ದಿನ. ಮರುವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯವನಾದ. 1962ರಲ್ಲಿ ಮೊನಾಕೊ ಗೆದ್ದ.

ಇಷ್ಟಕ್ಕೇ ನಿಂತಿದ್ದರೂ ಒಳ್ಳೆಯ ಚಾಲಕ ಎಂಬ ಹೆಸರು ಉಳಿಯುತ್ತಿತ್ತು. ಆದರೆ 1963ರಲ್ಲಿ ಆತ ಸ್ವಂತ ತಂಡ ಕಟ್ಟಿದ. ನನ್ನಂಥ ವಿದ್ಯಾರ್ಥಿಗೆ ನಿಜವಾದ ಕಥೆ ಶುರುವಾಗುವುದು ಇಲ್ಲಿಂದ.

1966ರಲ್ಲಿ ಫಾರ್ಮುಲಾ ಒನ್ ನಿಯಮ ಬದಲಾಗಿ, 3 ಲೀಟರ್ ಎಂಜಿನ್‌ಗೆ ಅವಕಾಶ ಬಂತು. ಹೊಸ ತಂಡಕ್ಕೆ ಅಂಥ ಎಂಜಿನ್ ಕೊಡುವವರು ಯಾರು? ಬ್ರೂಸ್ ಅಮೆರಿಕದ ಇಂಡಿಯಾನಾಪೊಲಿಸ್ ರೇಸಿಗೆಂದು ಮಾಡಿದ್ದ ಫೋರ್ಡ್ ವಿ8 ಎಂಜಿನನ್ನು 4.2 ಲೀಟರಿನಿಂದ 3 ಲೀಟರಿಗೆ ಇಳಿಸಿ ಬಳಸಿದ. ಕಾರಿನ ಮೈಗೆ ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಬಾಲ್ಸಾ ಮರವನ್ನು ಅಂಟಿಸಿದ ಹೊಸ ಬಗೆಯ ಫಲಕ ಹಾಕಿದ್ದರು. ಮೈ ಗಟ್ಟಿಯಾಗಿತ್ತು, ಎಂಜಿನ್ ಮಾತ್ರ ಭಾರ, ಸದ್ದು ಹೆಚ್ಚು, ಶಕ್ತಿ ಸಾಲದು. ಮೊನಾಕೊದಲ್ಲಿ ನಡೆದ ಮೊದಲ ರೇಸಿನ ಒಂಬತ್ತನೇ ಸುತ್ತಿಗೇ ಆಯಿಲ್ ಸೋರಿ ಕಾರು ನಿಂತಿತು. ಆಮೇಲೆ ಇಟಲಿಯ ಸೆರೆನಿಸ್ಸಿಮಾ ಎಂಜಿನ್. ಮರುವರ್ಷ ಬಿಆರ್‌ಎಂ ಕಂಪನಿಯ ವಿ8, ನಂತರ ಅದರದೇ ವಿ12. ಎರಡು ವರ್ಷದಲ್ಲಿ ನಾಲ್ಕು ಎಂಜಿನ್! ಪ್ರತಿ ಸಲವೂ ಕಾರನ್ನು ಹೊಸ ಎಂಜಿನ್‌ಗೆ ಹೊಂದಿಸಬೇಕು, ಓಡಿಸಿ ನೋಡಬೇಕು. ಬ್ರೂಸ್ ತಾನೇ ಓಡಿಸಿ, ತಾನೇ ಇಳಿದು, ಏನು ಸರಿಯಿಲ್ಲ ಎಂದು ತಾನೇ ಹೇಳಬಲ್ಲವನಾಗಿದ್ದ. ಆ ಕಾಲದ ಚಾಲಕರಲ್ಲಿ ಅದು ಅಪರೂಪದ ಗುಣ.

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಕೀತ್ ಡಕ್‌ವರ್ತ್ ಎಂಬ ಇಂಜಿನಿಯರ್, ಫೋರ್ಡ್ ಕೊಟ್ಟ ಒಂದು ಲಕ್ಷ ಪೌಂಡ್ ಹಣದಲ್ಲಿ ಡಿಎಫ್‌ವಿ ಎಂಜಿನ್ ರೂಪಿಸಿದ್ದ. 2993 ಸಿ.ಸಿ., ಎಂಟು ಸಿಲಿಂಡರ್, 32 ವಾಲ್ವ್, ಸುಮಾರು 400 ಅಶ್ವಶಕ್ತಿ. 1967ರ ಜೂನ್ 4ರಂದು ಜಾಂಡ್‌ವೂರ್ಟ್‌ನಲ್ಲಿ ಲೋಟಸ್ ಕಾರಿನಲ್ಲಿ ಅದು ಮೊದಲ ಬಾರಿ ರೇಸಿಗಿಳಿಯಿತು. ಜಿಮ್ ಕ್ಲಾರ್ಕ್ ಅಂದೇ ಗೆದ್ದ. ಮರುವರ್ಷ ಈ ಎಂಜಿನ್ ಬೇರೆ ತಂಡಗಳಿಗೂ ಸಿಕ್ಕಿತು. ಮೆಕ್‌ಲಾರೆನ್ ಅವುಗಳಲ್ಲಿ ಒಂದು.

ಇದರ ವಿಶೇಷ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಕಿಟ್‌ನಿಂದ. ಸಾಮಾನ್ಯ ಕಾರಿನಲ್ಲಿ ಚಾಸಿ ಎಂಜಿನನ್ನು ಹೊರುತ್ತದೆ. ಇಲ್ಲಿ ಚಾಲಕನ ಬೆನ್ನಿನ ಹಿಂದಕ್ಕೆ ಚಾಸಿಯೇ ಇಲ್ಲ! ಎಂಜಿನ್ ಮುಂಭಾಗದಲ್ಲಿ ಕಾರಿನ ಮೈಗೆ ಬೋಲ್ಟ್ ಆಗುತ್ತದೆ. ಗೇರ್‌ಬಾಕ್ಸು, ಹಿಂದಿನ ಸಸ್ಪೆನ್ಶನ್ ಎಲ್ಲವೂ ಎಂಜಿನ್‌ಗೇ ನೇತುಬೀಳುತ್ತವೆ. ಅಂದರೆ ಎಂಜಿನ್ ಶಕ್ತಿಯನ್ನೂ ಕೊಡಬೇಕು, ಬೆನ್ನೆಲುಬೂ ಆಗಬೇಕು. ನನ್ನ ಪುಟ್ಟ ಮಾಡೆಲ್‌ನಲ್ಲಿ ಮುಂದಿನ ಆ ಬೋಲ್ಟ್‌ಗಳ ಜಾಗ ಕೂದಲೆಳೆಯಷ್ಟು ಸರಿದರೂ ಹಿಂದಿನ ಚಕ್ರಗಳು ಸೊಟ್ಟಗೆ ನಿಲ್ಲುತ್ತವೆ. ಹಾಗಾಗಿ ಅಂಟು ಹಾಕುವ ಮೊದಲು ಪ್ರತಿಯೊಂದನ್ನೂ ಒಣಗೈಯಲ್ಲಿ ಜೋಡಿಸಿ ನೋಡುತ್ತೇನೆ.

ಬಣ್ಣದ ಕೆಲಸ ಇನ್ನೂ ನಿಧಾನ. ಕಿಟ್‌ನ ಲೋಹ ತವರದ ಮಿಶ್ರಣ. ಅಚ್ಚಿನ ಗೆರೆಗಳನ್ನು ಅರದಿಂದ ಉಜ್ಜಬೇಕು, ಸೋಪಿನ ನೀರಲ್ಲಿ ತೊಳೆದು ಬೆರಳಿನ ಎಣ್ಣೆ ತಾಗದಂತೆ ಒಣಗಿಸಬೇಕು, ಆಮೇಲೆ ಪ್ರೈಮರ್. ಪ್ರೈಮರ್ ಇಲ್ಲದೆ ಲೋಹಕ್ಕೆ ಬಣ್ಣ ಹಿಡಿಯುವುದಿಲ್ಲ, ಉಗುರು ತಾಗಿದರೂ ಸಿಪ್ಪೆಯಂತೆ ಏಳುತ್ತದೆ. ದಪ್ಪಗೆ ಬಳಿದರೆ ಬೋಲ್ಟಿನ ತಲೆಗಳು ಮುಚ್ಚಿಹೋಗುತ್ತವೆ, ಹಾಗಾಗಿ ತೆಳುವಾಗಿ ಮೂರು ನಾಲ್ಕು ಪದರ. ಎಕ್ಸಾಸ್ಟ್ ಪೈಪಿಗೆ ಬೆಂಕಿ ತಾಗಿದ ಉಕ್ಕಿನ ನೀಲಿ, ಕಂದು ಛಾಯೆ ಬರಬೇಕು. ಸ್ಪಾರ್ಕ್ ಪ್ಲಗ್ಗಿನ ಎಂಟು ವೈರುಗಳಿಗೆ ತೆಳು ತಂತಿ. ಈ ಕೆಲಸ ಮಾಡುತ್ತಾ ಮಾಡುತ್ತಾ, ಬೋರ್ಡಿನ ಮೇಲಿನ ಚಿತ್ರದಲ್ಲಿ ಬಾಣದ ಗುರುತಾಗಿದ್ದ ಪ್ರತಿಯೊಂದು ಭಾಗವೂ ಯಾಕೆ ಅಲ್ಲಿಯೇ ಇದೆ ಎಂಬುದು ತಿಳಿಯುತ್ತದೆ.

1968ರ ಜೂನ್ 9, ಬೆಲ್ಜಿಯಂನ ಸ್ಪಾ. ಸುಮಾರು 14 ಕಿ.ಮೀ. ಉದ್ದದ ಭಯಾನಕ ಸರ್ಕ್ಯೂಟ್. ಮುಂದಿದ್ದ ಜಾಕಿ ಸ್ಟುವರ್ಟ್ ಇಂಧನ ಸಾಲದೆ ಕೊನೆಗಳಿಗೆಯಲ್ಲಿ ಪಿಟ್‌ಗೆ ತಿರುಗಬೇಕಾಯಿತು. ಬ್ರೂಸ್ ಎರಡನೇ ಸ್ಥಾನವೆಂದುಕೊಂಡೇ ಗೆರೆ ದಾಟಿದ. ಗೆದ್ದದ್ದು ತಾನೇ ಎಂದು ಬೇರೆಯವರು ಹೇಳಿದ ಮೇಲೆಯೇ ಗೊತ್ತಾದದ್ದು! ಬ್ರಬಾಮ್ ಬಿಟ್ಟರೆ, ತನ್ನದೇ ಹೆಸರಿನ ಫಾರ್ಮುಲಾ ಒನ್ ಕಾರಿನಲ್ಲಿ ಗೆದ್ದವನು ಆಗ ಆತನೊಬ್ಬನೇ. ಮೆಕ್‌ಲಾರೆನ್ ಕಾರಿಗೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದು ಮೊದಲ ಜಯ.

ಉತ್ತರ ಅಮೆರಿಕದ ಕ್ಯಾನ್-ಆಮ್ ಸರಣಿಯಲ್ಲಂತೂ ಕಿತ್ತಳೆ ಕಾರುಗಳಿಗೆ ಎದುರಾಳಿಯೇ ಇರಲಿಲ್ಲ. 1969ರಲ್ಲಿ 11 ರೇಸುಗಳಲ್ಲಿ 11ನ್ನೂ ಮೆಕ್‌ಲಾರೆನ್ ಗೆದ್ದಿತು. ಆರು ಬ್ರೂಸ್‌ಗೆ, ಐದು ಅವನ ದೇಶದವನೇ ಆದ ಡೆನ್ನಿ ಹಲ್ಮ್‌ಗೆ.

1970ರ ಜೂನ್ 2. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಬ್ರೂಸ್ ಹೊಸ ಕ್ಯಾನ್-ಆಮ್ ಕಾರನ್ನು ಪರೀಕ್ಷಿಸುತ್ತಿದ್ದ. ಅದು ರೇಸೂ ಅಲ್ಲ, ಎದುರಾಳಿಗಳೂ ಇಲ್ಲ. ವೇಗದಲ್ಲಿದ್ದಾಗ ಕಾರಿನ ಹಿಂಭಾಗದ ಹೊದಿಕೆ ಕಳಚಿತು. ನೆಲಕ್ಕೆ ಒತ್ತಿಹಿಡಿಯುವ ಗಾಳಿಯ ಬಲ ತಪ್ಪಿದ ಕಾರು ತಿರುಗಿ ಕಾವಲು ಕಟ್ಟೆಗೆ ಬಡಿಯಿತು. ಬ್ರೂಸ್ ಅಲ್ಲೇ ತೀರಿಕೊಂಡ. ವಯಸ್ಸು 32. ಹೆಂಡತಿ, ಪುಟ್ಟ ಮಗಳು ಇದ್ದರು. ನಿಂತದ್ದು ಎಂಜಿನ್ ಅಲ್ಲ, ತಪ್ಪಿದ್ದು ಚಾಲಕನ ಕೈಯಲ್ಲ, ಬಿಟ್ಟುಕೊಂಡದ್ದು ಒಂದು ಹೊದಿಕೆ. ಮಷೀನ್ ಡಿಸೈನ್ ತರಗತಿಯಲ್ಲಿ ಬೋಲ್ಟು, ಪಿನ್ನುಗಳ ಪಾಠ ಬಂದಾಗ ಈಗ ನಾನು ಆಕಳಿಸುವುದಿಲ್ಲ.

ತಂಡ ಅಲ್ಲಿಗೇ ಮುಚ್ಚಬಹುದಿತ್ತು. ಹನ್ನೆರಡೇ ದಿನಕ್ಕೆ, ಜೂನ್ 14ರಂದು, ಕೆನಡಾದ ಮಾಸ್‌ಪೋರ್ಟ್‌ನಲ್ಲಿ ಕಿತ್ತಳೆ ಕಾರುಗಳು ಗೆರೆಯ ಮೇಲೆ ನಿಂತಿದ್ದವು. ಇಂಡಿಯಾನಾಪೊಲಿಸ್‌ನಲ್ಲಿ ಸುಟ್ಟುಕೊಂಡ ಕೈಗಳಲ್ಲೇ ಹಲ್ಮ್ ಸ್ಟೀರಿಂಗ್ ಹಿಡಿದಿದ್ದ. ಬ್ರೂಸ್‌ನ ಜಾಗದಲ್ಲಿ ಓಡಿಸಿದ ಡ್ಯಾನ್ ಗರ್ನಿ ಗೆದ್ದ. ನಾಲ್ಕು ವರ್ಷದ ನಂತರ, 1974ರಲ್ಲಿ, ಎಮರ್ಸನ್ ಫಿಟಿಪಾಲ್ಡಿ ಮೆಕ್‌ಲಾರೆನ್‌ಗೆ ಮೊದಲ ವಿಶ್ವ ಪ್ರಶಸ್ತಿ ತಂದ. ಆ ಕಾರಿನ ಬೆನ್ನಿಗಿದ್ದದ್ದೂ ಅದೇ ಡಿಎಫ್‌ವಿ.

ಮೆಕ್ಯಾನಿಕಲ್ ಓದುವವರಿಗೆ ಕೆಲಸವಿಲ್ಲ, ಕೋಡಿಂಗ್ ಕಲಿ ಎಂಬ ಮಾತು ನಮಗೆ ದಿನವೂ ಕೇಳುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ನಾನೂ ಸಂಜೆ ಪೈಥಾನ್ ಕಲಿಯುತ್ತಿದ್ದೇನೆ. ಮಾಡೆಲ್ ಕಟ್ಟುವುದರಿಂದ ಪ್ಲೇಸ್‌ಮೆಂಟ್‌ಗೆ ಏನು ಲಾಭ ಎಂದು ಗೆಳೆಯರು ಕೇಳಿದರೆ, ರೆಸ್ಯೂಮೆಯಲ್ಲಿ ಒಂದು ಸಾಲೂ ಆಗದು ಎನ್ನುತ್ತೇನೆ. ಆದರೆ ಬ್ರೂಸ್‌ನ ಬದುಕು ಓದಿದ ಮೇಲೆ ಒಂದು ಭಯ ಕಡಿಮೆಯಾಗಿದೆ. ಮೊದಲು ಸಿಗುವ ಕೆಲಸ ನಮಗೆ ಹೇಳಿಮಾಡಿಸಿದ್ದಾಗಿರಲಿಕ್ಕಿಲ್ಲ, ಎರಡನೆಯದೂ ಅಷ್ಟೇ. ಆತನಿಗೂ ನಾಲ್ಕು ಎಂಜಿನ್ ಹೊಂದಲಿಲ್ಲ. ಒಂದೊಂದರಿಂದಲೂ ಕಲಿತದ್ದನ್ನು ಕಾರಿಗೆ ಹಾಕುತ್ತಾ ಹೋದ. ಐದನೆಯದು ಬಂದಾಗ ಅದನ್ನು ಕೂರಿಸಲು ಕಾರು ಸಿದ್ಧವಿತ್ತು.